ರೇಷ್ಮೆ ಗೂಡಲ್ಲಿ ಜುಮ್ಕಿ, ಸರ ಮಾಡೋದು ಹೇಗೆ? ನಮ್ ಶಿಡ್ಲಘಟ್ಟದ ಕಡೆಯವರಿಗೆ, ಆಸಕ್ತಿ ಇರೋ ಬೇರೆಯವರಿಗೂ

ಶಿಡ್ಲಘಟ್ಟ, ಚಿಂತಾಮಣಿ ಕಡೆ ಗೂಡು ಅಂದ್ರೆ ಬರೀ ರೇಟಿನ ಮಾತು, ಇವತ್ತು ಕೆಜಿ ಎಷ್ಟಕ್ಕೆ ಹೋಯ್ತು, ಬಿಳಿ ಗೂಡಿಗೆಷ್ಟು, ಹಳದಿಗೆಷ್ಟು, ಅಷ್ಟೇ. ಅದನ್ನ ಕಿವಿಗೆ ಹಾಕ್ಕೋಬಹುದು ಅಂತ ಇಲ್ಲಿ ಯಾರಿಗೂ ಹೊಳೆಯಲ್ಲ, ಆದ್ರೆ ಬೆಂಗಳೂರಲ್ಲಿ ಎಕ್ಸಿಬಿಷನ್‌ಗೆ ಹೋದ್ರೆ ಅದೇ ಗೂಡನ್ನ ಅರ್ಧ ಕತ್ತರಿಸಿ ಒಂದು ಮಣಿ ಪೋಣಿಸಿ 'ಸ್ಲೋ ಫ್ಯಾಶನ್' ಅಂತ ಬೋರ್ಡ್ ಹಾಕಿ ಕೂತಿರ್ತಾರೆ. ತಪ್ಪಿಲ್ಲ ಬಿಡಿ, ಆದ್ರೆ ಗೂಡು ನಮ್ಮೂರದ್ದು, ಕೈಕೆಲಸ ನಮಗೂ ಬರತ್ತೆ, ಹಾಗಾಗಿ ಹೇಗೆ ಮಾಡೋದು ಅಂತ ಪೂರ್ತಿ ಬರೀತಿದೀನಿ.

ಮೊದಲು ಗೂಡು ಯಾವ್ದು ಅಂತ ನೋಡ್ಕೊಳಿ, ಯಾಕಂದ್ರೆ ಅರ್ಧ ಕೆಲಸ ಇಲ್ಲೇ ಮುಗಿಯತ್ತೆ. ರೈತರ ಹತ್ರ ಚಂದ್ರಿಕೆಯಿಂದ (ಹುಳ ಗೂಡು ಕಟ್ಟೋ ತಟ್ಟೆ) ಬಿಡಿಸಿದ ಹಸಿ ಗೂಡು ತಂದ್ರೆ ಒಳಗೆ ಹುಳ ಜೀವಂತ ಇರತ್ತೆ, ಮನೇಲಿ ಡಬ್ಬದಲ್ಲಿ ಇಟ್ಟು ಮರೆತ್ರೆ ಹತ್ತು ಹನ್ನೆರಡು ದಿನಕ್ಕೆ ಪತಂಗ ಗೂಡು ನೆನೆಸಿ ತೂತು ಮಾಡ್ಕೊಂಡು ಆಚೆ ಬರತ್ತೆ, ಗೂಡೆಲ್ಲ ಕಂದು ಕಲೆ. ಅದಕ್ಕೆ ನಮಗೆ ಬೇಕಿರೋದು ಗ್ರೇನೇಜ್‌ನಲ್ಲಿ, ಅಂದ್ರೆ ಮೊಟ್ಟೆ ತಯಾರು ಮಾಡೋ ಬಿತ್ತನೆ ಕೋಠಿಗಳಲ್ಲಿ ಕತ್ತರಿಸಿದ ಗೂಡು. ಅಲ್ಲಿ ಏನಾಗತ್ತೆ ಅಂದ್ರೆ ಒಂದು ತಳಿ ಹೆಣ್ಣಿಗೆ ಇನ್ನೊಂದು ತಳಿ ಗಂಡು ಸೇರಿಸಬೇಕಲ್ಲ, ಅದಕ್ಕೆ ಗೂಡಿನ ಒಂದು ತುದಿ ಬ್ಲೇಡಲ್ಲಿ ಕತ್ತರಿಸಿ ಒಳಗಿನ ಪ್ಯೂಪಾ ಆಚೆ ತೆಗೆದು ಗಂಡು ಹೆಣ್ಣು ಬೇರೆ ಮಾಡ್ತಾರೆ, ಹುಳ ಸಾಯಲ್ಲ, ಅದು ಮುಂದೆ ಪತಂಗ ಆಗಿ ಮೊಟ್ಟೆ ಇಡತ್ತೆ. ಉಳಿಯೋದು ಒಂದು ಕಡೆ ಬಾಯಿ ತೆರೆದಿರೋ ಖಾಲಿ ಗೂಡು. ಅದರಿಂದ ಉದ್ದಕ್ಕೆ ಒಂದೇ ಎಳೆ ನೂಲು ಬಿಚ್ಚಕ್ಕಾಗಲ್ಲ, ಸ್ಪನ್ ಸಿಲ್ಕ್ (ತುಂಡು ಎಳೆ ಸೇರಿಸಿ ನೂತ ನೂಲು) ಮಾಡೋರಿಗೆ ವೇಸ್ಟ್ ರೇಟಲ್ಲಿ ಹೋಗತ್ತೆ. ನಮಗೆ ಮಾತ್ರ ಅದು ಹೆಚ್ಚು ಕಮ್ಮಿ ರೆಡಿ ಜುಮ್ಕಿ!

ಅದು ಸಿಗಲಿಲ್ಲ ಅಂದ್ರೆ ಊಜಿ ನೊಣದ (ರೇಷ್ಮೆ ಹುಳಕ್ಕೆ ಕಾಟ ಕೊಡೋ ನೊಣ) ಮರಿಹುಳ ತೂತು ಮಾಡಿದ ಗೂಡು ನಡೆಯತ್ತೆ, ತೂತಿನ ಕಡೆನೇ ಕತ್ತರಿಸಿಬಿಟ್ರೆ ಆಯ್ತು. ಎರಡು ಹುಳ ಸೇರಿ ಕಟ್ಟಿದ ಡಬಲ್ ಗೂಡು ಸಿಕ್ಕಿದ್ರೆ ಬಿಡಬೇಡಿ, ದಪ್ಪ ಇರತ್ತೆ, ಸರದ ಮಧ್ಯದ ಪದಕಕ್ಕೆ ಅದಕ್ಕಿಂತ ಚೆನ್ನಾಗಿರೋದು ಇಲ್ಲ. ಜಿಲ್ಲಿ ಗೂಡು, ಅಂದ್ರೆ ತೆಳು ಗೂಡು ಬೇಡ, ಒತ್ತಿದ್ರೆ ಒಳಗೆ ಹೋಗತ್ತೆ, ಆಕಾರ ನಿಲ್ಲಲ್ಲ. ಪರೀಕ್ಷೆ ಸುಲಭ, ಎರಡು ಬೆರಳಲ್ಲಿ ಮೆಲ್ಲಗೆ ಅಮುಕಿ, ವಾಪಸ್ ಪುಟಿದ್ರೆ ಒಳ್ಳೆ ಗೂಡು.

ಇನ್ನು ಬಣ್ಣ. ಬೈವೋಲ್ಟೀನ್ (ವರ್ಷಕ್ಕೆ ಎರಡು ಪೀಳಿಗೆ ಆಗೋ ತಳಿ) ಗೂಡು ಬಿಳಿ, ಮೊಟ್ಟೆ ಆಕಾರ ಇಲ್ಲಾ ನಡು ಸಣ್ಣ ಆಗಿ ಕಡಲೆಕಾಯಿ ಥರ. ನಮ್ ಹಳೇ ಮೈಸೂರು ತಳಿ ಗೂಡು ಹಸಿರು ಮಿಶ್ರಿತ ಹಳದಿ, ತುದಿ ಚೂಪು. ಇವೆರಡರ ಮಿಶ್ರತಳಿ ಹಳದಿ, ಅದರಲ್ಲಿ ಒಂದಕ್ಕೆ ಕೋಲಾರ್ ಗೋಲ್ಡ್ ಅಂತಾನೇ ಹೆಸರು (ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಈ ಗೋಲ್ಡ್ ಮಾತ್ರ ಹಿಪ್ಪುನೇರಳೆ ಸೊಪ್ಪು ತಿಂದ್ಕೊಂಡು ನಡೀತಾ ಇದೆ). ನನ್ನ ಕೇಳಿದ್ರೆ ಈ ಹಳದಿಗೆ ಮತ್ತೆ ಬಣ್ಣ ಹಾಕೋದು ಪಾಪ, ಹಾಗೇ ಬಿಡಿ. ಆದ್ರೆ ಒಂದು ವಿಷಯ ನೆನಪಿರಲಿ, ಆ ಹಳದಿ ಇರೋದು ರೇಷ್ಮೆ ಎಳೆಯಲ್ಲಲ್ಲ, ಎಳೆ ಮೇಲಿರೋ ಅಂಟಲ್ಲಿ. ಖಾಲಿ ಗೂಡಿನ ತೂಕದಲ್ಲಿ ಸುಮಾರು ಕಾಲು ಭಾಗ ಈ ಅಂಟೇ, ಸೆರಿಸಿನ್ ಅಂತಾರೆ. ಸೋಪಿನ ಬಿಸಿನೀರಲ್ಲಿ ಕುದಿಸಿದ್ರೆ ಅಂಟೂ ಹೋಗತ್ತೆ ಬಣ್ಣನೂ ಹೋಗತ್ತೆ, ಗೂಡು ಹತ್ತಿ ಮುದ್ದೆ ಥರ ಬಿಚ್ಕೊಳತ್ತೆ. ಈ ಅಂಟನ್ನ ಯಾವಾಗ ಮೆತ್ತಗೆ ಮಾಡ್ಬೇಕು, ಯಾವಾಗ ಗಟ್ಟಿ ಇರಕ್ಕೆ ಬಿಡ್ಬೇಕು, ಗೂಡಿನ ಕೆಲಸ ಅಂದ್ರೆ ಪೂರ್ತಿ ಇದೇ.

ಕ್ಲೀನ್ ಮಾಡೋದು ಬೇಜಾರಿನ ಕೆಲಸ ಆದ್ರೂ ಮಾಡ್ಲೇಬೇಕು. ಗೂಡಿನ ಹೊರಗಡೆ ಪುಸುಪುಸು ಎಳೆ ಇರತ್ತಲ್ಲ, ಅದನ್ನ ಬೆರಳಿಗೆ ಸುತ್ತಿ ಎಳೆದ್ರೆ ಬಂದ್ಬಿಡತ್ತೆ. ಎಸೀಬೇಡಿ, ಆಮೇಲೆ ಹೇಳ್ತೀನಿ. ಒಳಗಡೆ ಬೆಳಕಿಗೆ ಹಿಡಿದು ನೋಡಿ, ಹುಳ ಕೊನೇ ಸಲ ಪೊರೆ ಬಿಟ್ಟಿರೋದು ಮುದುರಿಕೊಂಡು ಒಣಗಿದ ಮೆಣಸಿನಷ್ಟು ಕಪ್ಪಗೆ ತಳದಲ್ಲಿ ಅಂಟಿರತ್ತೆ. ಚಿಮಟದಲ್ಲಿ ಕಿತ್ತು ತೆಗೀರಿ. ಅದರ ಸುತ್ತ ತೆಳ್ಳಗೆ ಒಂದು ಒಳಪದರ ಇರತ್ತೆ, ಕಲೆ ಇದ್ರೆ ಅದನ್ನೂ ಉಗುರಲ್ಲಿ ಎಬ್ಬಿಸಿ ಪೂರ್ತಿ ಎಳೆದ್ರೆ ಒಳಗಡೆ ಬೆಳ್ಳಗೆ ನುಣ್ಣಗೆ ಆಗತ್ತೆ. ಜನ ಗೂಡಿನ ಓಲೆ ವಾಸನೆ ಬರತ್ತೆ ಅಂತಾರಲ್ಲ, ಗೂಡಿಗೆ ವಾಸನೆ ಇಲ್ಲ ಸ್ವಾಮಿ, ಈ ಪೊರೆ ತೆಗೆಯದೇ ಬಿಟ್ಟಿದ್ದಕ್ಕೆ ಬರೋದು. ವಾಸನೆ ಅಷ್ಟೇ ಅಲ್ಲ, ಅದನ್ನ ತಿನ್ನಕ್ಕೆ ಸಣ್ಣ ಕಪ್ಪು ಹುಳಗಳು ಬಂದು ಆಮೇಲೆ ಗೂಡನ್ನೇ ಕೊರೀತವೆ. ಇಷ್ಟಾದ್ಮೇಲೆ ನೆರಳಲ್ಲಿ ಗಾಳಿಗೆ ಒಂದು ದಿನ ಹರಡಿ. ಬಿಸಿಲಿಗೆ ಹಾಕಿದ್ರೆ ಹಳದಿ ಗೂಡು ಮಂಕಾಗತ್ತೆ.

ಬಣ್ಣ ಹಾಕ್ಲೇಬೇಕು ಅನ್ನೋರು ಬಿಳಿ ಗೂಡು ತಗೊಳಿ. ಐವತ್ತು ಖಾಲಿ ಗೂಡು ಅಂದ್ರೆ 15ರಿಂದ 20 ಗ್ರಾಂ ಅಷ್ಟೇ ತೂಗತ್ತೆ, ಅದಕ್ಕೆ ಮುಕ್ಕಾಲು ಟೀ ಚಮಚ ಪಟಿಕದ ಪುಡಿ ಸಾಕು. ಉಗುರು ಬೆಚ್ಚಗಿನ ನೀರಲ್ಲಿ ಕರಗಿಸಿ ಗೂಡು ಹಾಕಿ ಮೇಲೊಂದು ತಟ್ಟೆ ಮುಚ್ಚಿ, ಇಲ್ಲಾಂದ್ರೆ ತೇಲ್ತಾನೇ ಇರತ್ತೆ, ರಾತ್ರಿ ಪೂರ್ತಿ ಹಾಗೇ ಬಿಡಿ. ಬೆಳಗ್ಗೆ ಬಣ್ಣದ ನೀರು. ಚಿಕ್ಕಬಳ್ಳಾಪುರದಲ್ಲಿ ಚೆಂಡುಹೂಗೆ ಬರ ಏನಿಲ್ಲ, ರೇಟ್ ಬಿದ್ದಾಗ ರಸ್ತೆಗೆ ಸುರೀತಾರೆ, ಎರಡು ದೊಡ್ಡ ಹಿಡಿ ಎಸಳು ಅರ್ಧ ಗಂಟೆ ಕುದಿಸಿ ಸೋಸಿದ್ರೆ ಒಳ್ಳೆ ಚಿನ್ನದ ಹಳದಿ. ಈರುಳ್ಳಿ ಸಿಪ್ಪೆ ಹಾಕಿದ್ರೆ ಕಿತ್ತಳೆ ಕಂದು. ದಾಳಿಂಬೆ ಸಿಪ್ಪೆ ಮಾಸಲು ಹಳದಿ ಕೊಡತ್ತೆ, ಅದಕ್ಕೇ ತುಕ್ಕು ಮೊಳೆ ವಿನೆಗರಲ್ಲಿ ನೆನೆಸಿಟ್ಟ ನೀರು ಒಂದು ಚಮಚ ಸೇರಿಸಿ ನೋಡಿ, ಕಣ್ಮುಂದೆನೇ ಬೂದು ಹಸಿರು, ಆಮೇಲೆ ಹೆಚ್ಚು ಕಮ್ಮಿ ಕಪ್ಪು. ಕೆಂಪಿಗೆ ಮಂಜಿಷ್ಠ, ಗ್ರಂಥಿಗೆ ಅಂಗಡಿಯಲ್ಲಿ ಸಿಗತ್ತೆ. ಅರಿಶಿನ ಮಾತ್ರ ಬೇಡ, ಬಿಸಿಲಿಗೆ ಬೇಗ ಹಾರಿಹೋಗತ್ತೆ, ಮೇಲಿಂದ ಸೋಪು ತಾಗಿದ್ರೆ ಕೆಂಪಗಾಗತ್ತೆ, ಓಕುಳಿ ನೀರು ಮಾಡಿದವರಿಗೆ ಇದು ಗೊತ್ತೇ ಇರತ್ತೆ.

ಸೋಸಿದ ನೀರು ಆರಿ ಬೆರಳಿಟ್ರೆ ಚುರ್ ಅನ್ನೋ ಅಷ್ಟು ಬಿಸಿಗೆ ಬಂದ್ಮೇಲೆ ಗೂಡು ಹಾಕಿ, ಸಣ್ಣ ಉರಿಯಲ್ಲಿ ಅದೇ ಬಿಸಿ ಉಳಿಸಿಕೊಂಡು ಅರ್ಧ ಗಂಟೆ. ಗುಳ್ಳೆ ಏಳಬಾರದು. ನೂಲು ಬಿಚ್ಚೋರು ಗೂಡನ್ನ ಕುದಿಯೋ ನೀರಿಗೆ ಹಾಕೋದೇ ಅಂಟು ಸಡಿಲ ಆಗಿ ಎಳೆ ಸಿಗ್ಲಿ ಅಂತ, ನಮಗೆ ಅದರ ಉಲ್ಟಾ ಬೇಕು. ತೆಗೆದು ತಣ್ಣೀರಲ್ಲಿ ಒಂದ್ಸಲ ಅದ್ದಿ, ಒದ್ದೆ ಇರೋವಾಗ ಬೆರಳ ತುದಿ ಒಳಗೆ ಹಾಕಿ ದುಂಡಗೆ ಮಾಡಿ ಬೋರಲು ಹಾಕಿ ಒಣಗಿಸಿ. ಒಣಗಿದ್ಮೇಲೆ ಅದೇ ಆಕಾರಕ್ಕೆ ಗಟ್ಟಿಯಾಗಿ ಕೂರತ್ತೆ. ಪಾತ್ರೆ ಅಡುಗೆಮನೆದು ಬೇಡ, ಹಳೇ ಸ್ಟೀಲ್ ಪಾತ್ರೆ ಒಂದು ಇದಕ್ಕೇ ಅಂತ ಇಟ್ಕೊಳಿ.

ಈಗ ಜುಮ್ಕಿ. ಜೋಡಿ ಆಗೋ ಎರಡು ಗೂಡು ಹುಡುಕೋದಕ್ಕೇ ಟೈಮ್ ಕೊಡಿ, ಪಕ್ಕ ಪಕ್ಕ ನಿಲ್ಲಿಸಿ ನೋಡಿ, ಒಂದು ದಪ್ಪ ಒಂದು ಸಣ್ಣ ಇದ್ರೆ ಹಾಕ್ಕೊಂಡಾಗ ಎದ್ದು ಕಾಣತ್ತೆ. ಕತ್ತರಿಸಬೇಕಾದ ಜಾಗಕ್ಕೆ ಒಂದು ದಾರ ಸುತ್ತಿ ಪೆನ್ಸಿಲಲ್ಲಿ ಗೆರೆ ಎಳೀರಿ, ಉಗುರು ಕತ್ತರಿಸೋ ಬಾಗಿದ ಸಣ್ಣ ಕತ್ತರಿಯಲ್ಲಿ ಗೂಡನ್ನ ತಿರುಗಿಸ್ತಾ ಕತ್ತರಿಸಿ, ಕತ್ತರಿ ತಿರುಗಿಸಬೇಡಿ. ಒಂದೂವರೆ ಸೆಂಟಿಮೀಟರ್ ಎತ್ತರದ ಬಟ್ಟಲು ಉಳಿದ್ರೆ ಚೆಂದ. ಕತ್ತರಿಸಿದ ಅಂಚು ನೋಡಿ, ಪದರ ಪದರ ಕಾಣತ್ತೆ, ಹಾಗೇ ಬಿಟ್ರೆ ಸ್ವಲ್ಪ ದಿನಕ್ಕೆ ಬಿಚ್ಕೊಂಡು ಜೂಲು ಜೂಲು. ಎಕ್ಸಿಬಿಷನ್‌ನಲ್ಲಿ ಮಾರೋದಕ್ಕೆ ಸಾಮಾನ್ಯ ಇಲ್ಲಿ ಗ್ಲೂ ಗನ್ನಲ್ಲಿ ಲೇಸು ಅಂಟಿಸಿರ್ತಾರೆ, ನೋಡಿದ್ರೇ ಗೊತ್ತಾಗತ್ತೆ. ನೀವು ಸೂಜಿ ತಗೊಳಿ. ಅಂಚಿಗೆ ಕಾಜಾ ಹೊಲಿಗೆ, ಶರ್ಟಿನ ಗುಂಡಿ ತೂತಿಗೆ ಹಾಕ್ತೀವಲ್ಲ ಅದೇ, ಎರಡು ಮಿಲಿಮೀಟರಿಗೆ ಒಂದರಂತೆ ಹಾಕ್ತಾ ಹೋಗಿ, ಮೂರು ಹೊಲಿಗೆಗೆ ಒಂದ್ಸಲ ಸಾಸಿವೆ ಗಾತ್ರದ ಮಣಿ ಸೂಜಿಗೆ ಏರಿಸಿ. ಸೂಜಿ ಒಳಗಿಂದ ಹೊರಕ್ಕೆ ಬರಲಿ, ಹೊರಗಿಂದ ಚುಚ್ಚಿದ್ರೆ ಗೂಡು ಒಳಕ್ಕೆ ಕುಸಿಯತ್ತೆ. ಒಂದು ಜುಮ್ಕಿ ಅಂಚಿಗೇ ಮುಕ್ಕಾಲು ಗಂಟೆ ಹಿಡಿಯತ್ತೆ, ಸೀರಿಯಲ್ ನೋಡ್ಕೊಂಡು ಮಾಡಿ.

ತುದಿಗೆ ತೂತು ಮಾಡುವಾಗ ಗೂಡಿನ ನೆತ್ತಿ ಅಡಿಗೆ ರಬ್ಬರ್ ಇಟ್ಟು ದಪ್ಪ ಸೂಜಿ ಒತ್ತಿ. ತಲೆ ಇರೋ ಪಿನ್ನಿಗೆ ಮೊದಲು ಒಂದು ಮಣಿ, ಆಮೇಲೆ ಕುಚ್ಚು, ಆಮೇಲೆ ಗೂಡು ಒಳಗಿಂದ, ಮೇಲೊಂದು ಸಣ್ಣ ಟೋಪಿ ಮಣಿ, ಮಿಕ್ಕಿದ ತಂತೀನ ನೋಸ್ ಪ್ಲೈಯರಲ್ಲಿ ಸುತ್ತಿ ಉಂಗುರ ಮಾಡಿ ಕೊಕ್ಕೆಗೆ ಸಿಕ್ಕಿಸಿ. ಈ ಪಿನ್ನು ಕೊಕ್ಕೆ ಮಣಿ ಎಲ್ಲ ಬೆಂಗಳೂರು ಮಾಮೂಲ್‌ಪೇಟೇಲಿ ಗ್ರಾಂ ಲೆಕ್ಕದಲ್ಲಿ ಸಿಗತ್ತೆ. ಕಿವಿ ಕೆಂಪಾಗೋರು ಕೊಕ್ಕೆ ಮಾತ್ರ ಬೆಳ್ಳಿದು ಹಾಕಿಸಿ. ಗೂಡಿನ ಚಿಪ್ಪು ಅರ್ಧ ಗ್ರಾಮೂ ಇರಲ್ಲ, ಹಾಗಾಗಿ ದೊಡ್ಡ ಜುಮ್ಕಿ ಹಾಕಿದ್ರೆ ಕಿವಿ ಜಗ್ಗತ್ತೆ ಅನ್ನೋ ನಮ್ಮಮ್ಮ, ಚಿಕ್ಕಮ್ಮಂದಿರಿಗೆ ಇದು ಬಹಳ ಹಿಡಿಸತ್ತೆ.

ಕುಚ್ಚಿಗೆ ನೂಲು ಎಲ್ಲಿಂದ? ಅಂಗಡೀಲಿ ರೇಷ್ಮೆ ದಾರ ಅಂತ ಮಾರೋದು ಬಹುಪಾಲು ರೇಷ್ಮೆ ಅಲ್ಲ. ಒಂದು ಎಳೆ ಸುಟ್ಟು ನೋಡಿ, ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿ ಆದ್ರೆ ರೇಷ್ಮೆ, ಪೇಪರ್ ಸುಟ್ಟ ವಾಸನೆ ಬಂದ್ರೆ ರೇಯಾನ್, ಕರಗಿ ಗಟ್ಟಿ ಉಂಡೆ ಆದ್ರೆ ಪಾಲಿಯೆಸ್ಟರ್. ನೇಯೋರು ಪರಿಚಯ ಇದ್ರೆ ಇನ್ನೂ ಒಳ್ಳೇದು, ಪಾವಗಡ ತಾಲ್ಲೂಕು ವೈ.ಎನ್. ಹೊಸಕೋಟೆ ಥರ ರೇಷ್ಮೆ ಸೀರೆ ಮಗ್ಗ ಇರೋ ಊರಲ್ಲಿ ಒಂದು ಹಾಸು (ಮಗ್ಗಕ್ಕೆ ಉದ್ದಕ್ಕೆ ಹಾಕೋ ನೂಲು) ಮುಗಿದಾಗ ಮಗ್ಗದಲ್ಲಿ ನೇಯಕ್ಕಾಗದೇ ಇರೋ ತುಂಡು ನೂಲು ಉಳಿಯತ್ತೆ, ಬಣ್ಣ ಹಾಕಿ ಆಗಿರತ್ತೆ, ಹೊಳಪಿರತ್ತೆ, ಕುಚ್ಚಿಗೆ ಆ ಉದ್ದ ಧಾರಾಳ. ದುಡ್ಡು ಕೊಟ್ಟು ತಗೊಳಿ, ಬಿಟ್ಟಿ ಕೇಳಬೇಡಿ. ನಾಲ್ಕು ಬೆರಳಿಗೆ ಇಪ್ಪತ್ತು ಸುತ್ತು ಸುತ್ತಿ, ಮಧ್ಯ ಕಟ್ಟಿ, ಮಡಚಿ, ಕತ್ತು ಬಿಗಿದು ತುದಿ ಕತ್ತರಿಸಿದ್ರೆ ಕುಚ್ಚು ಆಯ್ತು, ಸೀರೆ ಸೆರಗಿಗೆ ಕುಚ್ಚು ಕಟ್ಟೋರಿಗೆ ಇದನ್ನ ನಾನು ಹೇಳೋ ಅಗತ್ಯನೇ ಇಲ್ಲ.

ಸರಕ್ಕೆ ಹೂ ಮಾಡೋ ಕೆಲಸ ನಂಗೆ ಎಲ್ಲಕ್ಕಿಂತ ಇಷ್ಟ. ಗೂಡನ್ನ ಉದ್ದಕ್ಕೆ ಸೀಳಿ ಒದ್ದೆ ಬಟ್ಟೇಲಿ ಹತ್ತು ನಿಮಿಷ ಸುತ್ತಿಡಿ, ಆಮೇಲೆ ಅಂಚನ್ನ ಉಗುರಲ್ಲಿ ಕೆದಕಿದ್ರೆ ಪದರ ಬೇರೆ ಬೇರೆಯಾಗಿ ಬಿಡತ್ತೆ, ಹೊರಪದರ ಒರಟು, ಒಳಗೆ ಹೋಗ್ತಾ ಹೋಗ್ತಾ ತೆಳ್ಳಗೆ, ಕೊನೇದರಲ್ಲಿ ಬೆರಳು ಆಚೆ ಕಾಣತ್ತೆ. ಒರಟು ಪದರದಲ್ಲಿ ಹೊರಗಿನ ಎಸಳು, ತೆಳು ಪದರದಲ್ಲಿ ಒಳಗಿನ ಎಸಳು ಕತ್ತರಿಸಿ ಬುಡದಲ್ಲಿ ಸೇರಿಸಿ ಹೊಲೀರಿ. ಕ್ಲೀನ್ ಮಾಡುವಾಗ ಇಟ್ಕೊಂಡ ಪುಸುಪುಸು ಎಳೆ ಇದೆಯಲ್ಲ, ಅದನ್ನ ಅಂಗೈಯಲ್ಲಿ ಉಜ್ಜಿ ಉಂಡೆ ಮಾಡಿದ್ರೆ ಹೂವಿನ ನಡು. ಫೆವಿಕ್ವಿಕ್ ಮುಟ್ಟಬೇಡಿ, ಒಣಗಿದ್ಮೇಲೆ ಬೆಳ್ಳಗೆ ಕಲೆ ಬಿಟ್ಟು ಆ ಜಾಗ ಗಾಜಿನ ಚೂರಿನಷ್ಟು ಗಡಸಾಗತ್ತೆ, ಅಂಟಿಸಲೇಬೇಕಾದ ಕಡೆ ಬಟ್ಟೆ ಅಂಟು ಒಂದು ಹನಿ.

ಡಿಸೈನ್‌ಗೆ ಪಿಂಟರೆಸ್ಟ್ ನೋಡಿದ್ರೆ ಎಲ್ಲರದ್ದೂ ಒಂದೇ ಥರ ಆಗತ್ತೆ. ಒಂದು ಭಾನುವಾರ ನಂದಿ ಬೆಟ್ಟಕ್ಕೆ ಹೋಗೋ ಬದಲು ಕೆಳಗಡೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ ಕಲ್ಯಾಣ ಮಂಟಪದ ಕರಿ ಕಲ್ಲಿನ ಕಂಬ ಹತ್ತಿರದಿಂದ ನೋಡಿ, ಕೆತ್ತನೆಯಲ್ಲಿರೋರ ಕಿವಿ ಕತ್ತು ಸೊಂಟದ ಮೇಲೆ ಎಷ್ಟು ಥರದ ಒಡವೆ ಇದೆ, ಮಣಿ ಸಾಲು ಎಲ್ಲಿ ತಿರುಗತ್ತೆ, ಎಲ್ಲಿ ಜೋತು ಬಿಡತ್ತೆ, ಒಂದು ಪುಸ್ತಕದಲ್ಲಿ ಗೀಚ್ಕೊಂಡು ಬನ್ನಿ. ಮನೇಲಿರೋ ಅಜ್ಜಿ ಸೀರೆ ಅಂಚೂ ಆಗತ್ತೆ.

ಮಾರೋ ಯೋಚನೆ ಇದ್ರೆ ಗೂಡಿನ ರೇಟ್ ಮೇಲೆ ಬೆಲೆ ಕಟ್ಟಬೇಡಿ, ಗೂಡು ಪುಕ್ಕಟೆ ಸಿಕ್ಕಿದ್ರೂ ನಿಮ್ಮ ಅರ್ಧ ದಿನ ಪುಕ್ಕಟೆ ಅಲ್ಲ. ಮೊದಲು ನಿಮ್ಮೂರಲ್ಲಿ ಒಂದು ದಿನದ ಕೂಲಿ ಎಷ್ಟಿದೆಯೋ ಅದನ್ನ ಹಿಡೀರಿ, ಸಾಮಾನಿನ ಖರ್ಚು ಕೂಡಿಸಿ, ಆಮೇಲೆ ಲಾಭದ ಮಾತು. 'ಅಯ್ಯೋ ಗೂಡಿಗೆ ಇಷ್ಟೊಂದಾ' ಅಂತ ಕೇಳೋರು ನಮ್ಮೂರಲ್ಲಿ ಇದ್ದೇ ಇರ್ತಾರೆ, ಅವರ ಹತ್ರ ವಾದ ಮಾಡಬೇಡಿ, ಸೂಜಿ ಕೊಟ್ಟು ಕೂರಿಸಿ.

ಕೊಂಡೋರಿಗೆ ಇಷ್ಟು ಹೇಳಿ ಕಳಿಸಿ: ಸ್ನಾನಕ್ಕೆ ಹೋಗುವಾಗ ತೆಗೆದಿಡಿ, ಸೆಂಟ್ ಹೊಡ್ಕೊಂಡು ಒಣಗಿದ್ಮೇಲೆ ಹಾಕ್ಕೊಳಿ, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡದೆ ಸಣ್ಣ ಡಬ್ಬದಲ್ಲಿ ಒಣಗಿದ ಬೇವಿನ ಎಲೆ ಜೊತೆ ಇಡಿ. ಬ್ಯಾಗಲ್ಲಿ ಅಮುಕಿ ಚಪ್ಪಟೆ ಆದ್ರೆ ಎಸೀಬೇಕಾಗಿಲ್ಲ, ಇಡ್ಲಿ ಪಾತ್ರೆಯಿಂದ ಬರೋ ಹಬೆಗೆ ಇಕ್ಕಳದಲ್ಲಿ ಹಿಡಿದು ಅರ್ಧ ನಿಮಿಷ ತೋರಿಸಿದ್ರೆ ಅಂಟು ಮೆತ್ತಗಾಗತ್ತೆ, ಒಳಗೆ ಪೆನ್ನಿನ ಹಿಂಬದಿ ಹಾಕಿ ದುಂಡಗೆ ತಿರುಗಿಸಿ ಆರಕ್ಕೆ ಬಿಡಿ, ಕುಚ್ಚು ಮಾತ್ರ ಹಬೆಯಿಂದ ಆಚೆ ಹಿಡ್ಕೊಳಿ, ಇಲ್ಲಾಂದ್ರೆ ಬಣ್ಣ ಗೂಡಿಗೆ ಇಳಿಯತ್ತೆ.