ಹೆಬ್ಬೆರಳಿಗೆ ಸಿಗುವ ಎರಡು ಸಾಲು: ಟರ್ಮಕ್ಸ್ ಬಟನ್‌ಗಳನ್ನು ನಾನು ಹೊಂದಿಸಿಕೊಂಡ ಬಗೆ

ವಾರಕ್ಕೆ ಎರಡು ಸಲ ಶಿರಸಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮೂರ್ನಾಲ್ಕು ಸಣ್ಣ ಸಂಸ್ಥೆಗಳ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಕೆಡುವುದಕ್ಕೂ ನಾನು ಬಸ್ಸು ಹತ್ತುವುದಕ್ಕೂ ಏನೋ ನಂಟು. ಲ್ಯಾಪ್‌ಟಾಪ್ ತೆಗೆಯುವಷ್ಟು ಜಾಗ ಸಿಗುವುದು ಅಪರೂಪ. ಹಾಗಾಗಿ ಎಡಗೈ ಮುಂದಿನ ಸೀಟಿನ ಕಂಬಿ ಹಿಡಿದಿರುತ್ತದೆ, ಬಲಗೈಯಲ್ಲಿ ಫೋನು, ಅದರಲ್ಲಿ ಟರ್ಮಕ್ಸ್. ಕೆಲಸ ಮಾಡುವುದೆಲ್ಲ ಒಂದೇ ಹೆಬ್ಬೆರಳು.

ಆಂಡ್ರಾಯ್ಡ್ ಫೋನಿನಲ್ಲಿ ಲಿನಕ್ಸ್ ಟರ್ಮಿನಲ್, ಅಂದರೆ ಆಜ್ಞೆ ಬರೆದು ಕೆಲಸ ಮಾಡಿಸುವ ಪರದೆ, ಕೊಡುವ ಈ ಆ್ಯಪ್ 2015ರಿಂದ ಇದೆ. ನಾನು ಅದನ್ನು ಉಚಿತ ಆ್ಯಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್‌ನಿಂದ ಹಾಕಿಕೊಂಡಿದ್ದೇನೆ. ಅದರಲ್ಲಿ ಫೋನಿನ ಕೀಬೋರ್ಡಿನ ಮೇಲೆ ಎರಡು ಸಾಲು ಹೆಚ್ಚುವರಿ ಬಟನ್‌ಗಳು ಬರುತ್ತವೆ, ಸಾಲಿಗೆ ಏಳು. ಮೇಲೆ ಎಸ್ಕೇಪ್, ಸ್ಲ್ಯಾಶ್, ಹೈಫನ್, ಹೋಮ್, ಮೇಲಿನ ಬಾಣ, ಎಂಡ್, ಪೇಜ್ ಅಪ್. ಕೆಳಗೆ ಟ್ಯಾಬ್, ಕಂಟ್ರೋಲ್, ಆಲ್ಟ್, ಉಳಿದ ಮೂರು ಬಾಣಗಳು, ಪೇಜ್ ಡೌನ್. ಎರಡು ವರ್ಷ ಅದನ್ನು ಹಾಗೆಯೇ ಬಳಸಿದೆ. ಬದಲಾಯಿಸಬಹುದು ಅಂತ ಗೊತ್ತಿತ್ತು, ಕೈ ಹಾಕಿರಲಿಲ್ಲ.

ಕೈ ಹಾಕುವ ಮೊದಲು ಮಾಡಿದ ಒಂದು ಕೆಲಸ ಬಹಳ ಉಪಯೋಗಕ್ಕೆ ಬಂತು. ಜೇಬಿನ ಪುಸ್ತಕದಲ್ಲಿ ಕೀಗಳ ಹೆಸರು ಬರೆದುಕೊಂಡೆ. ಯಾವ ಕೀ ಒತ್ತಲು ಬೆರಳು ಚಾಚಬೇಕಾಯಿತೋ, ಯಾವುದಕ್ಕಾಗಿ ಕೀಬೋರ್ಡಿನ ಎರಡನೇ ಪುಟಕ್ಕೆ ಹೋಗಬೇಕಾಯಿತೋ ಅದರ ಮುಂದೆ ಒಂದು ಗೀಟು. ನಾಲ್ಕು ಗೀಟಾದ ಮೇಲೆ ಐದನೆಯದು ಅಡ್ಡ, ಅಡಿಕೆ ಮೂಟೆ ಎಣಿಸುವಾಗ ಹಾಕುತ್ತೇವಲ್ಲ ಹಾಗೆ. ಹತ್ತು ದಿನ ಬಿಟ್ಟು ನೋಡಿದರೆ ಟ್ಯಾಬ್ ಮುಂದೆ ಗೀಟುಗಳ ಸಾಲೇ ಇತ್ತು. ಅದರ ಹಿಂದೆ ಎಸ್ಕೇಪ್, ಆಮೇಲೆ ಪೈಪ್ ಗುರುತು (|). ಹೋಮ್ ಮತ್ತು ಎಂಡ್ ಮುಂದೆ ಒಂದೂ ಇರಲಿಲ್ಲ. ಸಾಲಿನ ತುದಿಗೆ ಹೋಗಲು ನಾನು ಕಂಟ್ರೋಲ್ ಜೊತೆ ‘ಎ’, ‘ಇ’ ಒತ್ತುವವನು, ಬೆರಳಿಗೆ ಅದೇ ರೂಢಿ. ಆಲ್ಟ್ ಕೂಡ ಖಾಲಿ. ಅಂದರೆ ಪರದೆಯ ಮೇಲಿನ ಚಿನ್ನದಂಥ ಜಾಗದಲ್ಲಿ ಮೂರು ಬಟನ್‌ಗಳು ಸುಮ್ಮನೆ ಕೂತಿದ್ದವು. ದಿನವಿಡೀ ಬೇಕಾಗುವ ಎರಡು, ಎಸ್ಕೇಪ್ ಮತ್ತು ಟ್ಯಾಬ್, ಎಡತುದಿಯಲ್ಲಿದ್ದವು. ಬಲಗೈಯಲ್ಲಿ ಫೋನು ಹಿಡಿದವನಿಗೆ ಅದಕ್ಕಿಂತ ದೂರದ ಜಾಗ ಇನ್ನೊಂದಿಲ್ಲ.

ಎಸ್ಕೇಪ್ ವಿಷಯದಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ವಿಮ್ ಎಂಬ ಪಠ್ಯ ಎಡಿಟರ್ ಬಳಸುವವರು ನಿಮಿಷಕ್ಕೊಮ್ಮೆ ಎಸ್ಕೇಪ್ ಒತ್ತಬೇಕು, ಅಷ್ಟು ದೂರದ ಕೀಯನ್ನು ಯಾಕೆ ಆರಿಸಿದರೋ ಅಂತ ಹೊಸಬರು ಕೇಳುತ್ತಾರೆ. ವಿಮ್‌ನ ಮೂಲ ವಿಐ ಎಂಬ ಎಡಿಟರ್. ಅದನ್ನು ಬಿಲ್ ಜಾಯ್ ಬರೆದದ್ದು ಎಡಿಎಂ-3ಎ ಎಂಬ, ಪರದೆ-ಕೀಬೋರ್ಡ್ ಸೇರಿದ ಟರ್ಮಿನಲ್ ಯಂತ್ರದ ಮುಂದೆ ಕೂತು. 1976ರಲ್ಲಿ ಬಂದ ಆ ಯಂತ್ರದ ಕೀಬೋರ್ಡಿನಲ್ಲಿ ಎಸ್ಕೇಪ್ ಇದ್ದದ್ದು ‘ಕ್ಯೂ’ ಅಕ್ಷರದ ಪಕ್ಕ, ಇವತ್ತು ನಮ್ಮ ಟ್ಯಾಬ್ ಇರುವ ಜಾಗದಲ್ಲಿ. ಬಾಣದ ಗುರುತುಗಳನ್ನು ‘ಎಚ್, ಜೆ, ಕೆ, ಎಲ್’ ಕೀಗಳ ಮೇಲೆಯೇ ಅಚ್ಚು ಹಾಕಿದ್ದರು. ಅವರ ಕಿರುಬೆರಳಿಗೆ ಪಕ್ಕದಲ್ಲೇ ಇದ್ದ ಕೀ ನಮಗೆ ಮೂಲೆ ಸೇರಿತು. ಪರದೆಯ ಮೇಲಿನ ಬಟನ್‌ಗಳ ದೊಡ್ಡ ಅನುಕೂಲ ಇದೇ. ಆ ದೂರವನ್ನು ನಾವೇ ಅಳಿಸಿಹಾಕಬಹುದು. ಎಸ್ಕೇಪನ್ನು ಮೇಲಿನ ಸಾಲಿನ ಬಲತುದಿಗೂ ಟ್ಯಾಬನ್ನು ಅದರ ಕೆಳಗೂ ತಂದೆ. ಅದೊಂದೇ ಬದಲಾವಣೆಯಿಂದ ಸಿಕ್ಕ ನೆಮ್ಮದಿ, ಆಮೇಲೆ ಮಾಡಿದ ಉಳಿದೆಲ್ಲದರಿಂದ ಸಿಕ್ಕಿದ್ದಕ್ಕಿಂತ ಹೆಚ್ಚು.

ಬದಲಾಯಿಸುವುದು ಒಂದು ಪಠ್ಯ ಫೈಲಿನಲ್ಲಿ. ಹೋಮ್ ಫೋಲ್ಡರಿನೊಳಗೆ ಚುಕ್ಕೆಯಿಂದ ಶುರುವಾಗುವ ಟರ್ಮಕ್ಸ್ ಫೋಲ್ಡರ್ ಇದೆ, ಅದರೊಳಗೆ ಟರ್ಮಕ್ಸ್.ಪ್ರಾಪರ್ಟೀಸ್ (termux.properties) ಫೈಲು. ಅದರಲ್ಲಿ ‘ಎಕ್ಸ್‌ಟ್ರಾ-ಕೀಸ್’ ಎಂಬ ಸಾಲು ಬರೆದು, ಸಮ ಚಿಹ್ನೆಯ ಮುಂದೆ ಚೌಕ ಆವರಣದಲ್ಲಿ ಪ್ರತಿ ಸಾಲಿನ ಬಟನ್‌ಗಳನ್ನು ಒಂದೊಂದಾಗಿ ಕೊಡಬೇಕು. ಒಂದೊಂದು ಕೀಗೂ ಉದ್ಧರಣ ಚಿಹ್ನೆ, ನಡುವೆ ಅಲ್ಪವಿರಾಮ. ಫೈಲು ಉಳಿಸಿ ಟರ್ಮಕ್ಸ್-ರೀಲೋಡ್-ಸೆಟ್ಟಿಂಗ್ಸ್ ಎಂಬ ಆಜ್ಞೆ ಕೊಟ್ಟರೆ ಹೊಸ ಬಟನ್‌ಗಳು ಆಗಲೇ ಬರುತ್ತವೆ, ಆ್ಯಪ್ ಮುಚ್ಚಿ ತೆರೆಯಬೇಕಿಲ್ಲ.

ನನಗೆ ಮೊದಲ ದಿನ ಬರಲಿಲ್ಲ. ಒಂದು ಗಂಟೆ ಹೋಯಿತು. ರೀಲೋಡ್ ಮಾಡಿದಾಗಲೆಲ್ಲ ಕೆಳಗೆ ದೋಷದ ಸೂಚನೆ ಕ್ಷಣಹೊತ್ತು ಮಿನುಗಿ ಹಳೆಯ ಬಟನ್‌ಗಳೇ ಬರುತ್ತಿದ್ದವು. ಮೊದಲ ತಪ್ಪು ಉದ್ಧರಣ ಚಿಹ್ನೆಯದು. ನಾನು ಆ ಸಾಲನ್ನು ಬೇರೊಂದು ಟಿಪ್ಪಣಿ ಆ್ಯಪ್‌ನಲ್ಲಿ ಬರೆದು ತಂದಿದ್ದೆ, ಅದು ನೆಟ್ಟನೆಯ ಚಿಹ್ನೆಗಳನ್ನೆಲ್ಲ ಬಾಗಿದ ಚಿಹ್ನೆ ಮಾಡಿಟ್ಟಿತ್ತು. ಅದನ್ನು ಸರಿಮಾಡಿದರೂ ಆಗಲಿಲ್ಲ. ಎರಡನೆಯದು ಕಣ್ಣಿಗೆ ಕಾಣದ ತಪ್ಪು. ಉದ್ದದ ಸಾಲನ್ನು ಮುರಿದು ಮುಂದಿನ ಸಾಲಿಗೆ ಒಯ್ಯಬೇಕಾದರೆ ಕೊನೆಯಲ್ಲಿ ಹಿಮ್ಮುಖ ಸ್ಲ್ಯಾಶ್ ಹಾಕಬೇಕು. ಹಾಕಿದ್ದೆ. ಆದರೆ ಅದರ ನಂತರ ಒಂದು ಖಾಲಿ ಜಾಗ ಬಿದ್ದಿತ್ತು. ಸ್ಲ್ಯಾಶ್ ಆದಕೂಡಲೇ ಸಾಲು ಮುಗಿಯಬೇಕು, ನಡುವೆ ಸ್ಪೇಸ್ ಇದ್ದರೆ ಮಾತು ಅಲ್ಲಿಗೇ ಮುಗಿಯಿತು ಅಂತ ಆ್ಯಪ್ ತಿಳಿಯುತ್ತದೆ, ಮುಂದಿನ ಸಾಲು ಅನಾಥವಾಗುತ್ತದೆ. ಫೋನಿನ ಕೀಬೋರ್ಡುಗಳು ಪದ ಮುಗಿದಲ್ಲೆಲ್ಲ ತಾವಾಗಿ ಸ್ಪೇಸ್ ಹಾಕುವುದರಿಂದ ಇದು ಯಾರಿಗಾದರೂ ಆಗಬಹುದು. ಈಗ ನಾನು ಟರ್ಮಕ್ಸ್ ಒಳಗೇ ನ್ಯಾನೋ ಎಂಬ ಎಡಿಟರ್ ತೆರೆದು ಬರೆಯುತ್ತೇನೆ, ಪ್ರತಿ ಸಾಲಿನ ತುದಿಗೂ ಕರ್ಸರ್ ಒಯ್ದು ನೋಡುತ್ತೇನೆ. ಹಿಮ್ಮುಖ ಸ್ಲ್ಯಾಶನ್ನೇ ಬಟನ್ ಮಾಡಬೇಕೆಂದರೆ ಚಿಹ್ನೆ ಹಾಕದೆ ಬ್ಯಾಕ್‌ಸ್ಲ್ಯಾಶ್ ಎಂದು ದೊಡ್ಡಕ್ಷರದಲ್ಲಿ ಹೆಸರು ಬರೆಯುವುದು ಸುರಕ್ಷಿತ.

ಕೀಗಳ ಸ್ಥಾನ ಬದಲಾಯಿಸಿದ ಮೇಲೆ ನಿಜವಾದ ರುಚಿ ಸಿಕ್ಕಿದ್ದು ಮ್ಯಾಕ್ರೋದಲ್ಲಿ. ಒಂದು ಬಟನ್‌ಗೆ ಹಲವು ಕೀಗಳನ್ನು ಸರದಿಯಲ್ಲಿ ಕಟ್ಟಿಕೊಡಬಹುದು, ಅದರ ಮೇಲೆ ಕಾಣಬೇಕಾದ ಹೆಸರನ್ನು ಡಿಸ್‌ಪ್ಲೇ ಎಂದು ಬೇರೆ ಕೊಡಬಹುದು. ಮೊದಲು ಮಾಡಿಕೊಂಡದ್ದು, ಒಂದೇ ಟರ್ಮಿನಲ್ಲಿನಲ್ಲಿ ಹಲವು ಕಿಟಕಿ ತೆರೆದಿಡುವ ಟಿಮಕ್ಸ್‌ಗೆ. ಕಂಟ್ರೋಲ್ ಮತ್ತು ‘ಬಿ’ ಒತ್ತಿ, ಬಿಟ್ಟು, ‘ಎನ್’ ಒತ್ತಿದರೆ ಮುಂದಿನ ಕಿಟಕಿ. ಇದು ಒಂದೇ ಒತ್ತಿಗೆ ಇಳಿಯಿತು. ಅದೇ ಬಟನ್ ಮೇಲೆ ಬೆರಳಿಟ್ಟು ಮೇಲಕ್ಕೆ ಸವರಿದರೆ ಪಾಪ್‌ಅಪ್ ಆಗಿ ‘ಬಿ’ಯ ನಂತರ ‘ಡಿ’ ಹೋಗುತ್ತದೆ. ಅಂದರೆ ಸೆಷನ್ ನಡೆಯುತ್ತಿರಲಿ, ನಾನು ಹೊರಗೆ ಬರುತ್ತೇನೆ ಅಂತ. ಮುಂಡಗೋಡಿನ ಆಚೀಚೆ ಕಾಡಿನಲ್ಲಿ ಸಿಗ್ನಲ್ ಹೋಗಿ ಬಂದು ಮಾಡುವುದರಿಂದ ಸರ್ವರಿಗೆ ಸೇರಲು ನಾನು ಬಳಸುವುದು ಮಾಶ್ ಎಂಬ ಪ್ರೋಗ್ರಾಂ. ನೆಟ್‌ವರ್ಕ್ ಕಡಿದರೂ ಅದು ಕಾಯುತ್ತದೆ. ಆದರೆ ಕಾಯುತ್ತ ನಿಂತದ್ದನ್ನು ಬಿಟ್ಟು ಹೊರಡಬೇಕೆಂದರೆ ಕಂಟ್ರೋಲ್ ಜೊತೆ ಟೋಪಿ ಗುರುತು (^), ಆಮೇಲೆ ಚುಕ್ಕೆ. ಫೋನಿನಲ್ಲಿ ಟೋಪಿ ಗುರುತು ಹುಡುಕುವಷ್ಟರಲ್ಲಿ ಊರು ದಾಟಿರುತ್ತದೆ. ಅದನ್ನೂ ಒಂದು ಪಾಪ್‌ಅಪ್‌ಗೆ ಸೇರಿಸಿದೆ.

ಇಲ್ಲಿಂದ ಮುಂದೆ ನಾನು ಮಾಡಿದ್ದು ತಪ್ಪು. ಬಟನ್ ಒತ್ತಿದರೆ ಕೆಲಸವೇ ಆಗಿಬಿಡಬೇಕು ಅನ್ನುವ ಹುಮ್ಮಸ್ಸಿನಲ್ಲಿ ‘ಮತ್ತೊಮ್ಮೆ’ ಅಂತ ಒಂದು ಬಟನ್ ಮಾಡಿದೆ. ಮ್ಯಾಕ್ರೋದಲ್ಲಿ ಎರಡೇ ಕೀ, ಮೇಲಿನ ಬಾಣ ಮತ್ತು ಎಂಟರ್. ಹಿಂದಿನ ಆಜ್ಞೆ ತಿರುಗಿ ಓಡುತ್ತದೆ. ಲಾಗ್, ಅಂದರೆ ಸರ್ವರ್ ಬರೆದಿಡುವ ದಿನಚರಿ, ನೋಡುವಾಗ ಬಹಳ ಅನುಕೂಲವಾಗಿತ್ತು. ಅದನ್ನು ಟ್ಯಾಬ್ ಪಕ್ಕದಲ್ಲೇ ಇಟ್ಟಿದ್ದೆ. ಒಂದು ಸಂಜೆ ಒಬ್ಬ ಗಿರಾಕಿಯ ಅಂಗಡಿಯ ದಾಸ್ತಾನು ಪಟ್ಟಿಯನ್ನು ಡೇಟಾಬೇಸಿಗೆ ಏರಿಸಿದೆ. ಆಯಿತು ಅಂತ ಬಂತು. ಮುಂದಿನ ಆಜ್ಞೆಯ ಎರಡಕ್ಷರ ಬರೆದು, ಉಳಿದದ್ದನ್ನು ತಾನಾಗಿ ತುಂಬಿಸುವ ಟ್ಯಾಬ್‌ಗೆ ಹೆಬ್ಬೆರಳು ಒಯ್ಯುವುದಕ್ಕೂ ಬಸ್ಸು ಹೊಂಡಕ್ಕೆ ಇಳಿಯುವುದಕ್ಕೂ ಸರಿಹೋಯಿತು. ಬೆರಳು ಬಿದ್ದದ್ದು ‘ಮತ್ತೊಮ್ಮೆ’ ಮೇಲೆ. ಪಟ್ಟಿ ಎರಡನೇ ಸಲ ಏರಿತು. ಸಕ್ಕರೆ, ಬೇಳೆ, ಎಣ್ಣೆ ಎಲ್ಲದರ ದಾಸ್ತಾನೂ ಎರಡರಷ್ಟು. ಹುಬ್ಬಳ್ಳಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ರಾತ್ರಿ ಹತ್ತೂವರೆವರೆಗೆ ಒಂದೊಂದೇ ದಾಖಲೆ ತಾಳೆ ನೋಡಿ ಅಳಿಸಿದೆ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಫೋನ್ ಮಾಡಿ ಆದದ್ದನ್ನು ಹೇಳಿದೆ.

ಆ ರಾತ್ರಿಯೇ ಆ ಬಟನ್ ತೆಗೆದುಹಾಕಿದೆ. ಏನನ್ನಾದರೂ ಬದಲಾಯಿಸುವ ಯಾವ ಆಜ್ಞೆಗೂ ಮ್ಯಾಕ್ರೋದೊಳಗೆ ಎಂಟರ್ ಇಡುವುದಿಲ್ಲ ಅಂತ ಅವತ್ತು ತೀರ್ಮಾನಿಸಿದೆ. ಬಟನ್ ಬರೆದುಕೊಡಲಿ, ಕಣ್ಣು ಓದಲಿ, ಎಂಟರನ್ನು ಕೈಯೇ ಒತ್ತಲಿ. ಡಿಸ್ಕಿನಲ್ಲಿ ಜಾಗ ಎಷ್ಟಿದೆ, ಯಾವ ಸೇವೆ ನಡೆಯುತ್ತಿದೆ ಅಂತ ಬರೀ ನೋಡುವ ಆಜ್ಞೆಗಳಿಗೆ ಮಾತ್ರ ಎಂಟರ್ ಸೇರಿಸುತ್ತೇನೆ, ಅಂಥ ಬಟನ್‌ಗಳ ಹೆಸರಿನ ಕೊನೆಯಲ್ಲಿ ಎಂಟರ್ ಕೀಯ ಮಡಿಚಿದ ಬಾಣದ ಗುರುತು ಹಾಕಿರುತ್ತೇನೆ. ಗುರುತಿದ್ದರೆ ಓಡುತ್ತದೆ, ಇಲ್ಲದಿದ್ದರೆ ಬರೆಯುತ್ತದೆ ಅಷ್ಟೆ. ಓಡುತ್ತಿರುವುದನ್ನು ನಿಲ್ಲಿಸುವ ಕಂಟ್ರೋಲ್-ಸಿ ಬಟನ್ ಈಗ ಮೇಲಿನ ಸಾಲಿನ ಎಡತುದಿಯಲ್ಲಿದೆ. ಬೇಕೆಂದೇ ಚಾಚಿದರೆ ಮಾತ್ರ ಸಿಗುವ ಜಾಗ. ಅದರ ಪಕ್ಕ ಹೈಫನ್ ಇಟ್ಟೆ. ಕೈತಪ್ಪಿ ಒತ್ತಿದರೂ ಒಂದು ಗೀಟು ಬೀಳುತ್ತದೆ, ಅಳಿಸಿದರಾಯಿತು. ತೋಟಕ್ಕೆ ಬೇಲಿ ಇದ್ದ ಹಾಗೆ.

ಮೂರನೇ ಸಾಲು ಸೇರಿಸಿ ನೋಡಿದ್ದೂ ಉಂಟು. ಹಾಕಬಹುದು, ಆದರೆ ಬಟನ್‌ಗಳ ಸಾಲು ಹೆಚ್ಚಿದಷ್ಟೂ ಓದಬೇಕಾದ ಸಾಲು ಕಡಿಮೆಯಾಗುತ್ತದೆ. ಒಂದೇ ದಿನಕ್ಕೆ ತೆಗೆದೆ. ಅದರ ಬದಲು ಕೀಬೋರ್ಡನ್ನು ಮರೆಮಾಡುವ, ಮತ್ತೆ ಕರೆಯುವ ಬಟನ್ ಒಂದನ್ನು ಕೆಳಸಾಲಿನಲ್ಲಿಟ್ಟೆ. ಲಾಗ್ ಓದುವಾಗ ಪರದೆಯ ಅರ್ಧ ತಿರುಗಿ ಸಿಗುತ್ತದೆ. ವಾಲ್ಯೂಮ್ ಕಡಿಮೆ ಮಾಡುವ ಕೀಯನ್ನು ಕಂಟ್ರೋಲ್ ಆಗಿ ಬಳಸುವ ಸೌಲಭ್ಯವೂ ಟರ್ಮಕ್ಸ್‌ನಲ್ಲಿ ಇದೆ, ಅದು ಎರಡು ಕೈಯವರಿಗೆ ಒಳ್ಳೆಯದು.

ಇಷ್ಟು ನನ್ನದಾಯಿತು. ಸಿದ್ದಾಪುರ ಕಡೆಯ ಒಂದು ಸಹಕಾರಿ ಸಂಘದ ಸರ್ವರ್ ಕೂಡ ನನ್ನ ಕೈಯಲ್ಲಿದೆ. ದಿನಾ ಸಂಜೆ ಲೆಕ್ಕ ಮುಗಿದ ಮೇಲೆ ಬ್ಯಾಕಪ್ ತೆಗೆಯಬೇಕು, ಲೆಕ್ಕ ಮುಗಿಯುವ ಹೊತ್ತು ಅಲ್ಲಿಯ ಗುಮಾಸ್ತೆ ಅಕ್ಕನಿಗೆ ಮಾತ್ರ ಗೊತ್ತು. ಹಾಗಾಗಿ ಅವರ ಫೋನಿನಲ್ಲೇ ಟರ್ಮಕ್ಸ್ ಹಾಕಿಕೊಟ್ಟೆ, ತೆರೆದ ಕೂಡಲೇ ಸರ್ವರಿಗೆ ಸೇರುವ ಹಾಗೆ. ಬಟನ್ ಒಂದೇ ಸಾಲು, ಹೆಸರೆಲ್ಲ ಕನ್ನಡದಲ್ಲಿ: ‘ಬ್ಯಾಕಪ್’, ‘ನೋಡು’, ‘ನಿಲ್ಲಿಸು’. ಡಿಸ್‌ಪ್ಲೇಯಲ್ಲಿ ಕನ್ನಡ ಬರೆದರೆ ಬಟನ್ ಮೇಲೆ ಸರಿಯಾಗಿಯೇ ಮೂಡುತ್ತದೆ. ಟರ್ಮಿನಲ್ ಒಳಗೆ ಮಾತ್ರ ಹಾಗಲ್ಲ. ಅಲ್ಲಿ ಪ್ರತಿ ಅಕ್ಷರಕ್ಕೂ ಸಮ ಅಳತೆಯ ಚೌಕ, ನಮ್ಮ ಒತ್ತಕ್ಷರ ಆ ಲೆಕ್ಕಕ್ಕೆ ಕೂರುವುದಿಲ್ಲ. ಕನ್ನಡದಲ್ಲಿ ಏನಾದರೂ ಬರೆಯಬೇಕಾದರೆ ಬಟನ್‌ಗಳ ಸಾಲನ್ನು ಎಡಕ್ಕೆ ಸವರಿ, ಅಲ್ಲಿ ಬರುವ ಪೆಟ್ಟಿಗೆಯಲ್ಲಿ ಬರೆದು ಕಳಿಸುವುದು ವಾಸಿ. ಅದೂ ಬರೆದದ್ದನ್ನು ಮಾತ್ರ ಕಳಿಸುತ್ತದೆ, ಎಂಟರ್ ಬೇರೆ ಕೊಡಬೇಕು.

ತೋರಿಸಿಕೊಟ್ಟ ದಿನ ಅಕ್ಕ ಕನ್ನಡಕ ಏರಿಸಿಕೊಂಡು ಮೂರೂ ಬಟನ್ ನೋಡಿದರು. ಒತ್ತುವ ಮೊದಲು ಕೇಳಿದರು: “ತಮ್ಮಾ, ಇದು ಒತ್ತಿದ್ರೆ ಕೆಲಸ ಶುರುವಾಗೇ ಬಿಡ್ತೋ, ಬರೀ ಅಕ್ಷರ ಬರ್ತೋ?”

ಹುಬ್ಬಳ್ಳಿಯ ಬೆಂಚು ನೆನಪಾಯಿತು. “ಬರೀ ಅಕ್ಷರ ಬರ್ತದೆ ಅಕ್ಕಾ. ನೀವು ಓದಿ, ಸರಿ ಅನ್ನಿಸಿದ್ರೆ ಎಂಟರ್ ಒತ್ತಿ. ಈ ಬಾಣದ ಗುರುತು ಇರೋದು ಮಾತ್ರ ತಾನಾಗೇ ಓಡ್ತದೆ, ಅದು ಬರೀ ನೋಡೋದಕ್ಕೆ” ಅಂದೆ.

ಅವರು ‘ಬ್ಯಾಕಪ್’ ಒತ್ತಿ, ಬಂದ ಅಕ್ಷರಗಳನ್ನು ಬೆರಳಿಟ್ಟು ಓದಿ, ಎಂಟರ್ ಕೊಟ್ಟರು. ಮುಗಿಯುವವರೆಗೂ ಕಣ್ಣು ತೆಗೆಯಲಿಲ್ಲ. ಆಮೇಲೆ ‘ನೋಡು’ ಒತ್ತಿ ಇವತ್ತಿನ ತಾರೀಕಿನ ಫೈಲು ಬಂದಿದೆ ಅಂತ ಖಾತ್ರಿ ಮಾಡಿಕೊಂಡರು. ಕೊನೆಯ ಬಟನ್ ಹತ್ತಿರ ಬಂದು ಫೋನನ್ನು ದೂರ ಹಿಡಿದರು. “ಇದು ಓದಲಿಕ್ಕೇ ಆಗೋದಿಲ್ಲ. ‘ಲ’ದ ಕೆಳಗಿನ ಒತ್ತು ಕಾಣ್ತಿಲ್ಲ. ‘ಸಾಕು’ ಅಂತ ಹಾಕು.”

ನ್ಯಾನೋ ತೆರೆದು ‘ನಿಲ್ಲಿಸು’ ಅಳಿಸಿ ‘ಸಾಕು’ ಬರೆದೆ, ಸಾಲಿನ ತುದಿ ನೋಡಿ ರೀಲೋಡ್ ಮಾಡಿದೆ. ಎರಡೇ ಅಕ್ಷರ, ದಪ್ಪಗೆ ಕಾಣುತ್ತಿತ್ತು. ಮನೆಗೆ ಬಂದು ನನ್ನ ಫೋನಿನಲ್ಲಿದ್ದ ಕಂಟ್ರೋಲ್-ಸಿ ಬಟನ್‌ಗೂ ಅದೇ ಹೆಸರಿಟ್ಟೆ.