ಸಿಟ್ಟು ಬಂದಾಗ ಮೊದಲು ಎದೆ ಕಡೆ ನೋಡ್ಕೊಳ್ಳಿ

ಮೈಂಡ್‌ಫುಲ್‌ನೆಸ್ ಅಂದ ತಕ್ಷಣ ಕಣ್ಮುಚ್ಚಿ ಕೂರೋದು, ಅದಕ್ಕೆಲ್ಲ ಮನೆ ನಡೆಸೋರಿಗೆ ಎಲ್ಲಿ ಟೈಮು ಅಂತೀವಿ. ಆದ್ರೆ ಬುದ್ಧನ ಉಪದೇಶ ಸತಿಪಟ್ಠಾನ ಸುತ್ತ (ಸುತ್ತ ಅಂದ್ರೆ ಸೂತ್ರ) ಓದಿ ನೋಡಿ, ನಡೆಯೋವಾಗ, ಉಣ್ಣೋವಾಗ, ಬಟ್ಟೆ ಹಾಕ್ಕೊಳ್ಳೋವಾಗ, ಕೊನೆಗೆ ಕಕ್ಕಸಿಗೆ ಹೋದಾಗಲೂ ಅರಿವಿರಲಿ ಅಂತ ಇದೆ. ಹಂಗಿದ್ಮೇಲೆ ಅಡುಗೆಮನೆ ಯಾಕಾಗಲ್ಲ? ಮೈಂಡ್‌ಫುಲ್‌ನೆಸ್‌ಗೆ ಪಾಲಿ ಭಾಷೆಯಲ್ಲಿ ‘ಸತಿ’ ಅಂತಾರೆ, ಅದು ನಮ್ಮ ‘ಸ್ಮೃತಿ’ನೇ, ಈಗ ನಂಗೆ ಏನಾಗ್ತಿದೆ ಅನ್ನೋದನ್ನ ಮರೀದೇ ಇರೋದು, ಅಷ್ಟೇ.

ಆ ಸುತ್ತದಲ್ಲಿ ನಾಲ್ಕು ಭಾಗ ಇದೆ, ಕಾಯ (ಮೈ), ವೇದನಾ, ಚಿತ್ತ (ಮನಸ್ಸು), ಧಮ್ಮ (ಮನಸ್ಸಿಗೆ ಬರೋ ವಿಷಯಗಳು). ಸಂಸಾರಸ್ಥರು ಎರಡನೇದನ್ನ ಗಟ್ಟಿ ಹಿಡ್ಕೊಂಡ್ರೆ ಸಾಕು ಅಂತ ನನ್ ಅಭಿಪ್ರಾಯ. ಕನ್ನಡದಲ್ಲಿ ವೇದನೆ ಅಂದ್ರೆ ನೋವು, ಅಲ್ಲಿ ಹಂಗಲ್ಲ, ಹಿತ, ಅಹಿತ, ಎರಡೂ ಅಲ್ಲದ್ದು, ಮೂರೂ ವೇದನೆನೇ.

ಈಗ ನಮ್ಮನೇದೇ ಉದಾಹರಣೆ ತಗೊಳ್ಳಿ. ಅತ್ತೆ ಸಾರು ಬಾಯಿಗಿಟ್ಟು "ಇವತ್ತೂ ಉಪ್ಪು ಮುಂದಾಗಿದೆಯಲ್ಲಮ್ಮ" ಅಂದ್ರು. ಎದೆ ಬಿಗೀತು, ಕಿವಿ ಬಿಸಿ ಆಯ್ತು. ಇದು ಮೊದಲನೇ ಬಾಣ, ಇದನ್ನ ತಪ್ಪಿಸೋಕಾಗಲ್ಲ. ಆಮೇಲೆ ಶುರುವಾಗುತ್ತೆ ನೋಡಿ, ಇವರಿಗೆ ನಾನು ಮಾಡಿದ್ದು ಯಾವತ್ತು ಸರಿಹೋಗಿದೆ, ನನ್ ಸೀಮಂತದ ದಿನಾನೂ ಹಿಂಗೇ ಅಂದಿದ್ರು, ಇವರ ಮಗನೋ ಬಾಯೇ ಬಿಡಲ್ಲ ಅಂತ, ಅದು ಎರಡನೇ ಬಾಣ. ಸಲ್ಲತ್ಥ ಅನ್ನೋ ಇನ್ನೊಂದು ಸುತ್ತದಲ್ಲಿ ಬುದ್ಧ ಹೇಳಿದ್ದು ಇದನ್ನೇ, ಎರಡನೇದನ್ನ ನಾವೇ ನಮಗೆ ಹೊಡ್ಕೊಳ್ತೀವಿ.

ಮಾಡ್ಬೇಕಾದ್ದು ಏನಂದ್ರೆ, ಎದೆ ಬಿಗಿದ ಆ ಕ್ಷಣ ಮನಸ್ಸಲ್ಲೇ "ಅಹಿತ, ಅಹಿತ" ಅನ್ಕೊಳ್ಳಿ, ಇಲ್ಲಾ "ಉರೀತಿದೆ" ಅನ್ನಿ, ಯಾವ ಪದ ಆದ್ರೂ ನಡೆಯುತ್ತೆ. ಮೈಯಲ್ಲಿ ಎಲ್ಲಿ ಉರೀತಿದೆ ಅಂತ ಹುಡುಕಿ. ಕೈಯಲ್ಲಿರೋ ಸೌಟಿನ ಬಿಸಿ, ನೆಲ ಮುಟ್ಟಿರೋ ಪಾದ, ಮೂರು ಉಸಿರು. ಸಮಾಧಾನ ಆಗ್ಲಿ ಅಂತಲ್ಲ, ಏನಾಗ್ತಿದೆ ಅಂತ ಗೊತ್ತಾಗ್ಲಿ ಅಂತ. ಸಮಾಧಾನ ಆಗ್ಲೇಬೇಕು ಅಂತ ಕೂತ್ರೆ ಅದೊಂದು ಹೊಸ ತಲೆನೋವು. ಆಮೇಲೆ ಮಾತಾಡಿ, ಅಥವಾ ಸಾರಿನ ರುಚಿ ನೋಡಿ, ಒಂದೊಂದ್ಸಲ ನಿಜವಾಗ್ಲೂ ಉಪ್ಪು ಮುಂದಾಗಿರುತ್ತೆ!

ಒಂದು ಎಚ್ಚರಿಕೆ, ನುಂಗ್ಕೊಂಡು ಸುಮ್ನಿರೋದು ಸತಿ ಅಲ್ಲ. ಬಾಯಿ ಮುಚ್ಕೊಂಡು ಸಿಂಕಲ್ಲಿ ಪಾತ್ರೆ ಕುಕ್ತಾ ಇದ್ರೆ ಅದು ಜಗಳಾನೇ. ಇನ್ನು ಮನೇಲಿ ಯಾರಾದ್ರೂ ಕೈ ಎತ್ತೋರಿದ್ರೆ ಅಲ್ಲಿ ಉಸಿರು ಗಮನಿಸ್ತಾ ನಿಲ್ಬೇಡಿ, ಮೊದಲು ಅಲ್ಲಿಂದ ಹೊರಡಿ, ಸಹಾಯ ಕೇಳಿ.

ಮಕ್ಕಳ ವಿಷಯಕ್ಕೆ ಬಂದ್ರೆ ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ್ದೇ ನಂಗೆ ಇಷ್ಟ. ಕನ್ನಡಿ ಯಾತಕ್ಕಪ್ಪಾ ಇರೋದು ಅಂತ ಕೇಳಿ, ಹಂಗೇ ನೀನು ಮಾಡೋದನ್ನ ಮಾಡೋ ಮುಂಚೆ, ಮಾಡ್ತಿರೋವಾಗ, ಮಾಡಾದ್ಮೇಲೆ ನೋಡ್ಕೋ, ನಿಂಗೋ ಬೇರೆಯವರಿಗೋ ನೋವಾಗುತ್ತಾ ಅಂತ. ಮುಂಚೆ ನೋಡ್ಕೊಳ್ಳೋದು ಎಲ್ರಿಗೂ ಗೊತ್ತು, ಆಗೋದಿಲ್ಲ, ಅದೇ ಪ್ರಾಬ್ಲಂ. ನಂಗೆ ಉಪಯೋಗ ಆಗಿದ್ದು ಮಧ್ಯದ್ದು. ಮಗನ ಮೊಬೈಲ್ ಕಿತ್ಕೊಂಡು, ಮಾರ್ಕ್ಸಿಂದ ಶುರುವಾಗಿ ಅವನ ಫ್ರೆಂಡ್ಸು, ಅವನ ಕೂದಲು ಅಂತ ಬೈಗುಳ ಎಲ್ಲೆಲ್ಲೋ ಹೋಗ್ತಿರುತ್ತಲ್ಲ, ಅರ್ಧ ವಾಕ್ಯದಲ್ಲೇ ನಿಲ್ಲಿಸ್ಬಹುದು, ಮರ್ಯಾದೆ ಏನೂ ಹೋಗಲ್ಲ. ಅಲ್ಲೂ ತಪ್ಪಿದ್ರೆ ಮೂರನೇದು ಇದೆ, ರಾತ್ರಿ ಹೋಗಿ "ನಂದು ಜಾಸ್ತಿ ಆಯ್ತು ಕಣೋ" ಅನ್ನೋದು. "ಆದ್ರೂ ನೀನು..." ಅಂತ ಬಾಲ ಸೇರಿಸ್ಬೇಡಿ.

ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಒಂದು ಮದ್ದಿದೆ. ಒಬ್ಬ ಬ್ರಾಹ್ಮಣ ಬಂದು ಬುದ್ಧನಿಗೆ ಬಾಯಿಗೆ ಬಂದಂಗೆ ಬೈದನಂತೆ, ಬುದ್ಧ ಕೇಳಿದ್ದು, ನಿಮ್ಮನೆಗೆ ನೆಂಟರು ಬಂದಾಗ ಬಡಿಸಿದ್ದನ್ನ ಅವರು ತಗೊಳ್ಳಲಿಲ್ಲ ಅಂದ್ರೆ ಅದು ಯಾರದ್ದು? ನಮ್ಮದೇ ಅಂದ ಅವನು. ಹಂಗೇ ನಿನ್ನ ಬೈಗುಳಾನೂ ನಾನು ತಗೊಳ್ಳಲ್ಲ, ಅದು ನಿಂದೇ ಅಂದನಂತೆ ಬುದ್ಧ. ಜಮೀನು ಪಾಲಿನ ಬಗ್ಗೆ ಯಾರೋ ಚುಚ್ಚಿ ಬರೆದ್ರು ಅನ್ಕೊಳ್ಳಿ, ಉತ್ತರ ಪೂರ್ತಿ ಟೈಪ್ ಮಾಡಿ ಬೇಕಾದ್ರೆ, ನೋಟ್ಸಲ್ಲಿ ಮಾಡಿ, ಗ್ರೂಪಲ್ಲಿ ಬೇಡ ಕೈ ಜಾರುತ್ತೆ, ಆಮೇಲೆ ಫೋನ್ ಫ್ರಿಜ್ ಮೇಲಿಟ್ಟು ಬಟ್ಟೆ ಒಣಗಿಹಾಕಿ ಬನ್ನಿ. ಕೋಪದಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರಲ್ಲ, ಡಿಲೀಟ್ ಫಾರ್ ಎವರಿಒನ್ ಒತ್ತೋ ಅಷ್ಟರಲ್ಲಿ ಚಿಕ್ಕಮ್ಮ ಸ್ಕ್ರೀನ್‌ಶಾಟ್ ತಗೊಂಡಿರ್ತಾರೆ.

10 ದಿನದ, ಹೆಚ್ಚುಕಮ್ಮಿ ಪೂರ್ತಿ ಮಾತಿಲ್ಲದೆ ಕೂರೋ ವಿಪಸ್ಸನ ಧ್ಯಾನದ ಕೋರ್ಸ್ ಮಾಡೋಕಾದ್ರೆ ಮಾಡಿ, ಒಳ್ಳೇದೇ. ಮಾಡಿ ಬಂದು ಮನೆಯವರಿಗೆಲ್ಲ "ಸ್ವಲ್ಪ ಅರಿವಿಂದ ಇರಿ" ಅಂತ ಪಾಠ ಮಾತ್ರ ಮಾಡ್ಬೇಡಿ, ನಾನು ಒಂದು ವಾರ ಮಾಡಿ ಎಲ್ರ ಕೈಲೂ ಬೈಸ್ಕೊಂಡಿದೀನಿ.

ಮೂರನೇ ವೇದನೆ, ಹಿತಾನೂ ಅಲ್ಲ ಅಹಿತಾನೂ ಅಲ್ಲದ್ದು, ಅದನ್ನ ಯಾರೂ ಗಮನಿಸಲ್ಲ, ಅದಕ್ಕೇ ನಾಳೆ ಅಲ್ಲಿಂದ್ಲೇ ಶುರು ಮಾಡಿ. ಬೆಳಗ್ಗೆ ಮನೆಯವರು ಕಾಫಿ ಲೋಟ ಕೈಗೆ ಕೊಟ್ಟಾಗ ಫೋನ್ ಕೆಳಗಿಟ್ಟು ಲೋಟದ ಬಿಸಿ, ಡಿಕಾಕ್ಷನ್ ವಾಸನೆ, ಕೊಟ್ಟವರ ಮುಖ, ಮೂರನ್ನೂ ಒಂದ್ಸಲ ನೋಡಿ, ಆಮೇಲೆ ಕುಡೀರಿ.