ಕೋಲಾರದ ತರಕಾರಿ, ಮನೆಯ ಓವನ್

ಸಂಜೆಯ ಕುರುಕಲಿಗೆ ಬಾಣಲೆ ಇಡುವ ಬದಲು ಓವನ್ ಬಿಸಿ ಮಾಡುವುದು ನಮ್ಮ ಮನೆಯಲ್ಲಿ ಈಗ ರೂಢಿಯಾಗಿದೆ. ಅತ್ತೆಯವರಿಗೆ ರಕ್ತದೊತ್ತಡ, ಮಕ್ಕಳಿಗೆ ಪೊಟ್ಟಣದ ಚಿಪ್ಸ್ ಎಂದರೆ ಪ್ರಾಣ. ಆ ಚಿಪ್ಸ್‌ನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯೇ ಇರುತ್ತದೆ. ಉಪ್ಪಿನ ಮಾತು ಬೇರೆ. ಬಗೆಬಗೆಯ ತರಕಾರಿ ಬೆಳೆಯುವ ಜಿಲ್ಲೆಯಲ್ಲಿದ್ದುಕೊಂಡು ಮಕ್ಕಳ ಕೈಗೆ ಆ ಪೊಟ್ಟಣ ಕೊಡಲು ನನಗೆ ಮನಸ್ಸು ಬರಲಿಲ್ಲ.

ಕರಿಯುವುದಕ್ಕೂ ಬೇಕ್ ಮಾಡುವುದಕ್ಕೂ ಇರುವ ವ್ಯತ್ಯಾಸ ಮನಸ್ಸಿಗೆ ಬಂದರೆ ಅರ್ಧ ಕೆಲಸ ಆದಂತೆ. 170–180 ಡಿಗ್ರಿ ಕಾದ ಎಣ್ಣೆ ಹೋಳಿನ ಸುತ್ತಲೂ ಆವರಿಸಿ, ಒಳಗಿನ ನೀರನ್ನು ಕೆಲವೇ ನಿಮಿಷಗಳಲ್ಲಿ ಆವಿಯಾಗಿಸಿ ಓಡಿಸುತ್ತದೆ. ಬಿಸಿ ಗಾಳಿಗೆ ಆ ಬಲವಿಲ್ಲ. ಬೇಗ ಆಗಲಿ ಎಂದು ಓವನ್ನಿನ ಶಾಖ ಏರಿಸಿದರೆ ಅಂಚು ಸೀದು ನಡುಭಾಗ ಮೆತ್ತಗೇ ಉಳಿಯುತ್ತದೆ. ಆದ್ದರಿಂದ ಎಷ್ಟು ನೀರನ್ನು ಓವನ್ನಿಗೆ ಮೊದಲೇ ತೆಗೆಯಲು ಸಾಧ್ಯವೋ ಅಷ್ಟನ್ನೂ ಕೈಯಿಂದಲೇ ತೆಗೆಯಬೇಕು. ಮಸಾಲೆಗಿಂತಲೂ, ದುಬಾರಿ ಓವನ್‌ಗಿಂತಲೂ ಇದು ಮುಖ್ಯ.

ಬೀಟ್‌ರೂಟ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಸಿಪ್ಪೆ ತೆಗೆದು ಚಿಪ್ಸ್ ಮಣೆಯಲ್ಲಿ ಒಂದೂವರೆ, ಎರಡು ಮಿಲಿಮೀಟರ್ ದಪ್ಪಕ್ಕೆ ಬಿಲ್ಲೆಗಳಾಗಿ ಹೆರೆಯುತ್ತೇನೆ. ಎಲ್ಲ ಬಿಲ್ಲೆಯೂ ಒಂದೇ ದಪ್ಪ ಇರಬೇಕು; ಚಾಕುವಿನಲ್ಲಿ ಹೆಚ್ಚಿದರೆ ಹಾಗಾಗುವುದು ಕಷ್ಟ. ಮೇಲೆ ಚಿಟಿಕೆ ಉಪ್ಪು ಉದುರಿಸಿ ಕಾಲು ಗಂಟೆ ಬಿಟ್ಟರೆ ತಟ್ಟೆಯ ತಳದಲ್ಲಿ ಕಡುಗೆಂಪು ನೀರು ನಿಲ್ಲುತ್ತದೆ. ಅದನ್ನು ಬಸಿದು, ಹಳೆಯ ಪಂಚೆಯ ತುಂಡಿನ ನಡುವೆ ಬಿಲ್ಲೆಗಳನ್ನು ಹರಡಿ ಅಂಗೈಯಿಂದ ಒತ್ತುತ್ತೇನೆ. ಹಾಕಿದ ಉಪ್ಪಿನಲ್ಲಿ ಒಂದಿಷ್ಟು ಆ ನೀರಿನ ಜೊತೆಗೇ ಹೋಗುತ್ತದೆ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅತ್ತೆಯವರ ಪಾಲಿಗೆ ನಾನು ಮತ್ತೆ ಉಪ್ಪು ಸೇರಿಸುವುದೇ ಇಲ್ಲ.

ಎರಡು ಬೀಟ್‌ರೂಟ್‌ಗೆ ಒಂದು ಚಮಚ ಕಡಲೆಕಾಯಿ ಎಣ್ಣೆ ಸವರಿ, ಬಿಲ್ಲೆಯ ಮೇಲೆ ಬಿಲ್ಲೆ ಬೀಳದಂತೆ ಟ್ರೇಯಲ್ಲಿ ಜೋಡಿಸಿ 110–120 ಡಿಗ್ರಿಯಲ್ಲಿ ಇಡುತ್ತೇನೆ. ಬೀಟ್‌ರೂಟ್‌ನಲ್ಲಿ ಸಕ್ಕರೆ ಹೆಚ್ಚು. ಶಾಖ ಜಾಸ್ತಿಯಾದರೆ ಒಣಗುವ ಮೊದಲೇ ಕಪ್ಪಾಗಿ ಕಹಿಯಾಗುತ್ತದೆ. ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ ಬೇಕು. ನಡುವೆ ಒಂದೆರಡು ಸಲ ಬಾಗಿಲು ತೆರೆದು ಹಬೆಯನ್ನು ಹೊರಗೆ ಬಿಡುತ್ತೇನೆ, ಆಗಲೇ ಬಿಲ್ಲೆಗಳನ್ನು ಮಗುಚುತ್ತೇನೆ. ಅಂಚು ಮೇಲೆದ್ದು ನಡುಭಾಗ ಸ್ವಲ್ಪ ಬಾಗುವಂತಿದ್ದಾಗಲೇ ಹೊರಗೆ ತೆಗೆಯಬೇಕು. ಗರಿಗರಿಯಾಗುವುದು ಆಮೇಲೆ, ತಂತಿ ಜಾಲರಿಯ ಮೇಲೆ ಆರುವಾಗ.

ಕ್ಯಾರೆಟ್‌ಗೂ ಇದೇ ಕ್ರಮ. ಒಂದು ಕೆ.ಜಿ. ಕ್ಯಾರೆಟ್‌ನಲ್ಲಿ 880 ಗ್ರಾಂನಷ್ಟು ನೀರೇ. ಟ್ರೇ ತುಂಬ ಜೋಡಿಸಿದ್ದು ಕೊನೆಗೆ ಬೊಗಸೆಯಷ್ಟಾದರೆ ಬೇಸರಪಡಬಾರದು. ಹೋದದ್ದು ಹೆಚ್ಚಾಗಿ ನೀರೇ. ಬೆಂಡೆಕಾಯಿಯನ್ನು ಮಾತ್ರ ತೊಳೆದು ಪೂರ್ತಿ ಒರೆಸಿ ಆರಿಸಿದ ಮೇಲೆಯೇ ಹೆಚ್ಚಬೇಕು. ಉದ್ದಕ್ಕೆ ನಾಲ್ಕಾಗಿ ಸೀಳಿ, ಎಣ್ಣೆ ಸವರಿ, ಕಡಲೆಹಿಟ್ಟು, ಅಕ್ಕಿಹಿಟ್ಟು ಉದುರಿಸಿ 160 ಡಿಗ್ರಿಗೆ ಇಟ್ಟರೆ ಅರ್ಧ ಗಂಟೆಯೊಳಗೆ ಸಿದ್ಧ. ಹಿಟ್ಟಿಗೆ ಒಂದು ಹನಿ ನೀರೂ ಸೋಕಬಾರದು.

ಆಲೂಗಡ್ಡೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪಿಷ್ಟ ಹೆಚ್ಚಿರುವ ಪದಾರ್ಥವನ್ನು 120 ಡಿಗ್ರಿಗಿಂತ ಮೇಲೆ ಕರಿದರೂ ಬೇಕ್ ಮಾಡಿದರೂ ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಬಣ್ಣ ಕಪ್ಪಾದಷ್ಟೂ ಅದು ಹೆಚ್ಚು. ಹಾಗಾಗಿ ಬಿಲ್ಲೆಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ತೆಳು ಹೊಂಬಣ್ಣಕ್ಕೆ ಬಂದ ಕೂಡಲೇ ತೆಗೆಯುತ್ತೇನೆ. ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡಲೇಬಾರದು. ತಣ್ಣಗಿದ್ದರೆ ಪಿಷ್ಟ ಸಕ್ಕರೆಯಾಗಿ, ಓವನ್ನಿನಲ್ಲಿ ಬೇಗ ಕಂದಾಗುತ್ತದೆ. ಬೇಕ್ ಮಾಡಿದ್ದೆಲ್ಲ ಆರೋಗ್ಯಕರ ಎಂದು ಹೇಳುವವರು ಇದನ್ನು ಮರೆಯುತ್ತಾರೆ.

ಇನ್ನು ಟೊಮೆಟೊ. ಕೋಲಾರದವಳಾಗಿ ಇದನ್ನು ಬಿಡುವುದು ಹೇಗೆ! 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಅದೇ ಹಣ್ಣನ್ನು ರೈತರು ರಸ್ತೆ ಬದಿಗೆ ಸುರಿಯುವುದನ್ನೂ ನೋಡಿದ್ದೇವೆ, ಹೊಟ್ಟೆ ಉರಿಯುತ್ತದೆ. ಅಗ್ಗವಾದಾಗ ನಾನು ಬಾಕ್ಸ್ ಲೆಕ್ಕದಲ್ಲೇ ತರುತ್ತೇನೆ. ಟೊಮೆಟೊ ಚಿಪ್ಸ್ ಆಗುವ ತರಕಾರಿಯಲ್ಲ, ಅದರಲ್ಲಿ 94 ಭಾಗ ನೀರು. ಆದರೆ ಪುಡಿಯಾಗಿ ಅದಕ್ಕೆ ಸಾಟಿಯಿಲ್ಲ. ಮಕ್ಕಳು ಪೊಟ್ಟಣದ ಚಿಪ್ಸ್‌ನಲ್ಲಿ ಇಷ್ಟಪಡುವುದು ಮೇಲಿನ ಆ ಹುಳಿ-ಖಾರದ ಪುಡಿಯನ್ನೇ ಅಲ್ಲವೇ?

ನಾಟಿ ಹಣ್ಣು ಸಾರಿಗೆ ಇರಲಿ. ಒಣಗಿಸಲು ತಿರುಳು ದಪ್ಪ ಇರುವ ಹೈಬ್ರಿಡ್ ಹಣ್ಣೇ ಬೇಕು. ಬೀಜದ ರಸ ತೆಗೆದು ತೆಳ್ಳಗೆ ಹೆಚ್ಚಿ, ಬೇಸಿಗೆಯಾದರೆ ತೆಳುಬಟ್ಟೆ ಮುಚ್ಚಿ ಮಹಡಿಯ ಬಿಸಿಲಿಗೆ ಹಾಕುತ್ತೇನೆ. ಚರ್ಮದಂತಾದ ಮೇಲೆ 90–100 ಡಿಗ್ರಿಯ ಓವನ್ನಿನಲ್ಲಿ, ಮಡಿಸಿದರೆ ಪಟ್ಟೆಂದು ಮುರಿಯುವವರೆಗೆ ಒಣಗಿಸುತ್ತೇನೆ. ಬರೀ ಓವನ್ನಿನಲ್ಲೇ ಆಗಬೇಕೆಂದರೆ ನಾಲ್ಕು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಒಂದು ಕೆ.ಜಿ.ಗೆ ಸಿಗುವುದು ಅರವತ್ತು ಗ್ರಾಂನ ಆಸುಪಾಸು. ಪೂರ್ತಿ ಆರಿದ ಮೇಲೆ ಹುರಿದ ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ, ಇಂಗಿನೊಂದಿಗೆ ಪುಡಿ ಮಾಡಬೇಕು. ಟೊಮೆಟೊದಲ್ಲಿ ಸಹಜವಾಗಿಯೇ ಇರುವ, ರುಚಿ ಹೆಚ್ಚಿಸುವ ಗ್ಲುಟಮೇಟ್ ಎಂಬ ಅಂಶ ಒಣಗಿದಾಗ ಸಾಂದ್ರವಾಗುವುದರಿಂದ ಉಪ್ಪು ಕಡಿಮೆಯಿದ್ದರೂ ನಾಲಿಗೆಗೆ ಕೊರತೆ ಅನಿಸುವುದಿಲ್ಲ. ಚಿಪ್ಸ್ ಓವನ್ನಿನಿಂದ ಬಂದ ಬಿಸಿಯಲ್ಲೇ ಉದುರಿಸಿದರೆ ಚೆನ್ನಾಗಿ ಅಂಟುತ್ತದೆ.

ಸೊಪ್ಪಿಗೆ ರಾಗಿ ಜೊತೆ. ಒಂದು ಲೋಟ ರಾಗಿಹಿಟ್ಟು, ಅರ್ಧ ಲೋಟ ಗೋಧಿಹಿಟ್ಟು, ಒಂದು ಹಿಡಿ ಸಣ್ಣಗೆ ಹೆಚ್ಚಿದ ಸೊಪ್ಪು, ಎಳ್ಳು, ಓಂಕಾಳು, ಎರಡು ದೊಡ್ಡ ಚಮಚ ಎಣ್ಣೆ ಸೇರಿಸಿ ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸುತ್ತೇನೆ. ಬೆರಕೆ ಸೊಪ್ಪಿನ ಕಟ್ಟಿನಲ್ಲಿ ಗೋಣಿ ಸೊಪ್ಪಿನಂಥ ನೀರು ತುಂಬಿದ ಸೊಪ್ಪನ್ನು ಮಸ್ಸೊಪ್ಪಿಗೆ ತೆಗೆದಿಟ್ಟು, ಹೊನಗೊನೆಯನ್ನಷ್ಟೇ ಇದಕ್ಕೆ ಹಾಕುತ್ತೇನೆ. ನುಗ್ಗೆಸೊಪ್ಪು ಇನ್ನೂ ಒಳ್ಳೆಯದು. ರಾಗಿಯಲ್ಲಿ ಗೋಧಿಯ ಜಿಗುಟಿಲ್ಲದ್ದರಿಂದ ಲಟ್ಟಿಸುವಾಗ ಬಿರಿಯುತ್ತದೆ. ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಿಸಿ, ಫೋರ್ಕ್‌ನಿಂದ ಚುಚ್ಚಿ, 160 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ ಇಡುತ್ತೇನೆ. ಅತ್ತೆಯವರ ಹಲ್ಲಿಗೆ ಗಟ್ಟಿಯಾಗದಂತೆ ಅವರದನ್ನು ಇನ್ನಷ್ಟು ತೆಳ್ಳಗೆ ಮಾಡುತ್ತೇನೆ.

ಅವರೆಕಾಯಿ ಕಾಲದಲ್ಲಿ ಹಿತಕಬೇಳೆಯನ್ನೂ ಹೀಗೆ ಮಾಡುವುದುಂಟು. ಆದರೆ ಎಣ್ಣೆಯಲ್ಲಿ ಕರಿದ ಹಿತಕಬೇಳೆಯ ಹಗುರ ಓವನ್ನಿನಲ್ಲಿ ಬರುವುದಿಲ್ಲ. ವರ್ಷಕ್ಕೊಮ್ಮೆ ಅದನ್ನು ಕರಿದೇ ತಿನ್ನೋಣ ಎಂಬುದು ನನ್ನ ನಿಲುವು.

ವಿದ್ಯುತ್ ಪೋಲಾಗದಂತೆ ಮೊದಲು 160 ಡಿಗ್ರಿಯ ರಾಗಿ ಬಿಲ್ಲೆ, ಬೆಂಡೆಕಾಯಿ, ನಂತರ ಶಾಖ ಇಳಿಸಿ ಬೀಟ್‌ರೂಟ್, ಕ್ಯಾರೆಟ್, ಕೊನೆಗೆ ಟೊಮೆಟೊ ಇಡುತ್ತೇನೆ. ಪೂರ್ತಿ ಆರಿದ ಮೇಲೆಯೇ ಸ್ಟೀಲ್ ಡಬ್ಬಿಗೆ ತುಂಬಬೇಕು. ಮಳೆಗಾಲದಲ್ಲಿ ಮೆತ್ತಗಾದರೆ 100 ಡಿಗ್ರಿಯಲ್ಲಿ ಐದಾರು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಗರಿಯಾಗುತ್ತದೆ.